ಬಿಎಸ್ಸಿ ಗಣಿತ: ಸೇರಲು ಏನು ಗೊತ್ತಿರಬೇಕು, ಯಾವುದಕ್ಕೆ ಯಾವುದು ಬುನಾದಿ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಪಿಯುಸಿ ರಿಸಲ್ಟ್ ಬಂದ ದಿನದಿಂದ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. ಕೇಳುವವರು ಪ್ರತಿ ವರ್ಷ ಬೇರೆ, ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮಕ್ಕಳು ಕೇಳಿದ್ದು, ಅಡ್ಮಿಷನ್ ದಿನ ಅಪ್ಪ ಅಮ್ಮಂದಿರು ಕೇಳಿದ್ದು, ಹಳೆ ವಿದ್ಯಾರ್ಥಿಗಳು ಬರೆದು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಹಿಂದಿನದನ್ನು ಓದಿರಲೇಬೇಕು ಅಂತೇನಿಲ್ಲ. ಗಣಿತದಲ್ಲಿ ಮಾತ್ರ ಹಾಗೆ ಮಾಡೋಕಾಗಲ್ಲ, ಅದೇ ಇಲ್ಲಿನ ಕಥೆ.

## ಸೇರುವ ಮೊದಲು

ಮೇಡಂ, ಪಿಯುಸಿಯಲ್ಲಿ ಮ್ಯಾಥ್ಸ್ ಇರಲಿಲ್ಲ. ಬಿಎಸ್ಸಿಯಲ್ಲಿ ತಗೋಬಹುದಾ?

ಸಾಮಾನ್ಯವಾಗಿ ಆಗುವುದಿಲ್ಲ. ಬಿಎಸ್ಸಿಯಲ್ಲಿ ಗಣಿತ ಮುಖ್ಯ ವಿಷಯವಾಗಿ ಬೇಕಿದ್ದರೆ ಪಿಯುಸಿಯಲ್ಲಿ ಗಣಿತ ಓದಿರಬೇಕು ಎಂದು ವಿಶ್ವವಿದ್ಯಾಲಯಗಳು ಕೇಳುತ್ತವೆ. ನಿಯಮ ಬದಿಗಿಟ್ಟರೂ ಕಷ್ಟವೇ. ಮೊದಲ ವಾರದಲ್ಲೇ ಒಂದು ಫಂಕ್ಷನ್ನಿನ ಎನ್‌ನೇ ಡೆರಿವೇಟಿವ್ ಕಂಡುಹಿಡಿಯಿರಿ ಅಂತ ಬೋರ್ಡ್ ಮೇಲೆ ಬರೆಯುತ್ತೇವೆ. ಡೆರಿವೇಟಿವ್ ಅಂದರೇನು ಎಂದು ಅಲ್ಲಿ ಯಾರೂ ನಿಂತು ಹೇಳುವುದಿಲ್ಲ.

ನಿಜವಾಗಿಯೂ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಗಣಿತ ಒಂದಕ್ಕೇ ಹೆಸರು ನೋಂದಾಯಿಸಿ 12ನೇ ತರಗತಿ ಪರೀಕ್ಷೆ ಬರೆಯಬಹುದು. ಆದರೆ ಫೀಸು ಕಟ್ಟುವ ಮೊದಲು, ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದಾ ಅಂತ ಕೇಳಿ, ಸಾಧ್ಯವಾದರೆ ಬರಹದಲ್ಲೇ ಉತ್ತರ ತಗೊಳ್ಳಿ. ಕೌಂಟರಿನಲ್ಲಿ ಬಾಯಿಮಾತಿಗೆ ‘ಆಗುತ್ತೆ’ ಅಂದದ್ದು ಮುಂದಿನ ತಿಂಗಳು ‘ಆಗಲ್ಲ’ ಆದದ್ದನ್ನು ನೋಡಿದ್ದೇನೆ.

ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ಇತ್ತು. ಅದು ಸಾಲಲ್ವಾ?

ಬೇಸಿಕ್ ಮ್ಯಾಥ್ಸ್ ಅಂದರೆ ಬರೀ ಬಡ್ಡಿ ಲೆಕ್ಕ ಅಂತ ಸೈನ್ಸ್‌ನವರು ತಮಾಷೆ ಮಾಡುತ್ತಾರೆ. ಬಿಲ್ ಡಿಸ್ಕೌಂಟಿಂಗ್, ಷೇರು ಲೆಕ್ಕದ ಜೊತೆ ಮಾತೃಕೆ, ಲಿಮಿಟ್, ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಕೂಡ ಅದರಲ್ಲಿ ಇದೆ. ಹಾಗಾಗಿ ಬಿಸಿಎ, ಬಿಕಾಂ, ಅರ್ಥಶಾಸ್ತ್ರದ ಬಿಎಗೆ ಅದು ಒಳ್ಳೆಯ ಬುನಾದಿಯೇ. ಬಿಎಸ್ಸಿ ಗಣಿತಕ್ಕೆ ಅಂದರೆ ಸದಿಶ, ಮೂರು ಆಯಾಮದ ಜ್ಯಾಮಿತಿ, ಡಿಫರೆನ್ಷಿಯಲ್ ಈಕ್ವೇಷನ್, ಸಂಕೀರ್ಣ ಸಂಖ್ಯೆ ಇಷ್ಟನ್ನು ತುಂಬಿಕೊಳ್ಳಬೇಕಾಗುತ್ತದೆ. ಪ್ರವೇಶದ ನಿಯಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ, ಪ್ರಾಸ್ಪೆಕ್ಟಸ್ ನೋಡಿ.

ನನಗೆ ಪಿಯುಸಿ ಮ್ಯಾಥ್ಸ್‌ನಲ್ಲಿ 58 ಬಂದಿದೆ. ತಗೊಂಡರೆ ಆಗುತ್ತಾ, ಮೇಡಂ?

58 ಅನ್ನೋ ಅಂಕಿ ನನಗೆ ಏನೂ ಹೇಳುವುದಿಲ್ಲ. 92 ಕೂಡ ಅಷ್ಟೇ. ಒಂದು ಹಾಳೆ ತಗೊಳ್ಳಿ. ಕ್ಯಾಲ್ಕುಲೇಟರ್ ಬೇಡ, ಗೈಡ್ ಬೇಡ, ಹದಿನೈದು ನಿಮಿಷ ಸಾಕು.

ಮೊದಲನೆಯದು: ಅಂಶದಲ್ಲಿ 1, ಛೇದದಲ್ಲಿ √3 − √2. ಛೇದದಲ್ಲಿ ರೂಟ್ ಇಲ್ಲದ ಹಾಗೆ ಬರೆಯಿರಿ. ಎರಡನೆಯದು: ಎಕ್ಸ್ − 2ರ ಮಾಡ್ಯುಲಸ್ 3ಕ್ಕಿಂತ ಕಡಿಮೆ, ಎಕ್ಸ್ ಎಲ್ಲಿಂದ ಎಲ್ಲಿಯವರೆಗೆ ಇರಬಹುದು? ಮೂರನೆಯದು: ಎಕ್ಸ್² − 5ಎಕ್ಸ್ + 6, ಇದರ ಗ್ರಾಫ್ ಕೈಯಲ್ಲೇ ಬರೆದು, ಎಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ ಹೇಳಿ. ಕೊನೆಯದು: ‘ಒಂದು ಸಂಖ್ಯೆ 6ರಿಂದ ಭಾಗವಾದರೆ 3ರಿಂದಲೂ ಭಾಗವಾಗುತ್ತದೆ.’ ಇದನ್ನು ತಿರುಗಿಸಿ ಹೇಳಿದರೂ ನಿಜವೇ?

ಉತ್ತರ: √3 + √2, −1ರಿಂದ 5ರ ನಡುವೆ, 2 ಮತ್ತು 3ರ ನಡುವೆ, ನಿಜವಲ್ಲ, 9 ನೋಡಿ.

ಮೂರು ಸರಿ ಬಂದರೆ ಸೇರಿ, ಧೈರ್ಯವಾಗಿ ಸೇರಿ. ಎರಡು ಬಂದರೂ ಸೇರಿ, ಆದರೆ ಕಾಲೇಜು ಶುರುವಾಗುವ ಮೊದಲು ಒಂದು ತಿಂಗಳು ಹತ್ತನೇ ತರಗತಿ ಮತ್ತು ಫಸ್ಟ್ ಪಿಯು ಪುಸ್ತಕ ಹಿಡಿದು ಕೂರಿ. ಸೆಕೆಂಡ್ ಪಿಯು ಪುಸ್ತಕ ಅಲ್ಲ, ಅದರ ಹಿಂದಿನದು. ಎರಡನೇ ಪ್ರಶ್ನೆ ತಪ್ಪಿದವರು ಅಸಮತೆಯ ಅಧ್ಯಾಯವನ್ನು ಬಿಡಲೇಬೇಡಿ. ಯಾಕೆ ಅನ್ನೋದು ಎರಡನೇ ವರ್ಷದಲ್ಲಿ ಗೊತ್ತಾಗುತ್ತದೆ.

ಪಿಸಿಎಂ ಒಳ್ಳೇದಾ, ಪಿಎಂಸಿಎಸ್ ಒಳ್ಳೇದಾ? ಮಗಳಿಗೆ ಯಾವುದು ಕೊಡಿಸಲಿ?

ಗಣಿತದ ಪೇಪರ್ ಎರಡರಲ್ಲೂ ಒಂದೇ. ಹೈಸ್ಕೂಲಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೋಡಿ ಬಿಎಡ್‌ಗೆ ಚೆನ್ನಾಗಿ ಹೊಂದುತ್ತದೆ. ಎಂಸಿಎ ಅಥವಾ ಸಾಫ್ಟ್‌ವೇರ್ ಕಡೆ ಮನಸ್ಸಿದ್ದರೆ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್. ನನ್ನನ್ನು ಕೇಳಿದರೆ, ಸಂಖ್ಯಾಶಾಸ್ತ್ರ ಜೊತೆಗೆ ಸಿಗುವ ಕಾಲೇಜು ಹತ್ತಿರದಲ್ಲಿದ್ದರೆ ಅದನ್ನು ಬಿಡಬೇಡಿ. ಅದಕ್ಕೆ ಕ್ಯೂ ಯಾಕೋ ಕಡಿಮೆ, ಉಪಯೋಗ ಮಾತ್ರ ಜಾಸ್ತಿ. ಮಗಳನ್ನೂ ಒಂದು ಮಾತು ಕೇಳಿ.

ನಾನು ಹತ್ತನೇವರೆಗೂ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಗಣಿತ ಅರ್ಥ ಆಗುತ್ತಾ?

ಈ ಪ್ರಶ್ನೆ ಕೇಳುವವರು ಹೆದರುವುದು ದೊಡ್ಡ ದೊಡ್ಡ ಪದಗಳಿಗೆ. ಬಹುಪದೋಕ್ತಿಗೆ ಪಾಲಿನಾಮಿಯಲ್, ಅಭಾಗಲಬ್ಧ ಸಂಖ್ಯೆಗೆ ಇರ‍್ಯಾಷನಲ್ ನಂಬರ್, ಸಮಾಂತರ ಶ್ರೇಢಿಗೆ ಅರಿತ್‌ಮೆಟಿಕ್ ಪ್ರೊಗ್ರೆಷನ್, ಮಾತೃಕೆಗೆ ಮ್ಯಾಟ್ರಿಕ್ಸ್. ಇವು ಎರಡು ತಿಂಗಳಲ್ಲಿ ಬಾಯಿಗೆ ಬರುತ್ತವೆ. ನೂರು ಇನ್ನೂರು ಪದ ಅಷ್ಟೇ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದುಕೊಂಡು ಹೋಗಿ.

ಕಾಲು ಹಿಡಿದು ಎಳೆಯುವುದು ಪುಟ್ಟ ಪದಗಳು. ‘ಅಟ್ ಮೋಸ್ಟ್’, ‘ಅಟ್ ಲೀಸ್ಟ್’, ‘ಸಚ್ ದಟ್’, ‘ಫಾರ್ ಎವ್ರಿ’, ‘ದೇರ್ ಎಕ್ಸಿಸ್ಟ್ಸ್’, ‘ಇಫ್ ಅಂಡ್ ಓನ್ಲಿ ಇಫ್’. ‘ಅಟ್ ಮೋಸ್ಟ್ ಮೂರು’ ಅಂದರೆ ಮೂರು ಅಥವಾ ಅದಕ್ಕಿಂತ ಕಡಿಮೆ. ಕ್ಲಾಸಿನಲ್ಲಿ ಕೇಳಿದರೆ ಅರ್ಧ ಜನ ‘ಮೂರಕ್ಕಿಂತ ಜಾಸ್ತಿ’ ಅನ್ನುತ್ತಾರೆ, ‘ಮೋಸ್ಟ್’ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ. ಗಣಿತ ಬಾರದೆ ತಪ್ಪಾದದ್ದಲ್ಲ ಅದು. ಇಂಥ ವಾಕ್ಯ ಬಂದಾಗ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದುಕೊಳ್ಳಿ. ‘ಹೆಚ್ಚೆಂದರೆ ಮೂರು’ ಅಂತ ಬರೆದವರಿಗೆ ಮತ್ತೆ ತಪ್ಪುವುದಿಲ್ಲ. ನನ್ನ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಸುಮಾರು ಮಂದಿ ಕನ್ನಡ ಮೀಡಿಯಂನವರೇ, ಏಕೆಂದರೆ ಅವರು ಪ್ರತಿ ವಾಕ್ಯವನ್ನೂ ಎರಡು ಸಲ ಓದುತ್ತಾರೆ.

ಅಕ್ಕನ ಸಿಲಬಸ್‌ಗೂ ನನ್ನದಕ್ಕೂ ತಾಳೆಯೇ ಆಗ್ತಿಲ್ಲ. ಅವಳ ನೋಟ್ಸ್ ಓದಬಹುದಾ?

ಓದಬಹುದು. ಕರ್ನಾಟಕದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಡಿಗ್ರಿ ಬದಲಾಯಿತು, ನಾಲ್ಕನೇ ವರ್ಷದ ಆನರ್ಸ್ ಕೂಡ ಬಂತು. ಆಮೇಲೆ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು 2024–25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಹಾಗಾಗಿ ಒಂದೇ ಮನೆಯ ಮೂವರು ಮಕ್ಕಳು ಮೂರು ತರಹದ ಸಿಲಬಸ್ ಓದಿರಬಹುದು. ಪೇಪರಿನ ಹೆಸರು, ಸೆಮಿಸ್ಟರ್ ಅದಲು ಬದಲಾಗಿದೆ. ಲಗ್ರಾಂಜನ ಪ್ರಮೇಯ ಬದಲಾಗಿಲ್ಲ. ಅಕ್ಕನ ನೋಟ್ಸಿನ ವಿಷಯಸೂಚಿ ಮತ್ತು ನಿಮ್ಮ ಸಿಲಬಸ್ ಪಕ್ಕಪಕ್ಕ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿ, ಅರ್ಧ ಗಂಟೆಯ ಕೆಲಸ.

## ಮೊದಲ ವರ್ಷ

ಫಸ್ಟ್ ಸೆಮ್ ಪಿಯುಸಿ ತರಹಾನೇ ಇದೆ. ಇಷ್ಟೇನಾ ಡಿಗ್ರಿ ಗಣಿತ?

ಮಾತೃಕೆ, ಡೆರಿವೇಟಿವ್, ಇಂಟಿಗ್ರಲ್, ಎಲ್ಲ ಹಳೆ ಮುಖಗಳೇ ಕಾಣುತ್ತವೆ. ಅದಕ್ಕೇ ಮೊದಲ ಆರು ತಿಂಗಳು ಮಕ್ಕಳು ಆರಾಮಾಗಿರುತ್ತಾರೆ. ಲೆಕ್ಕ ಮಾಡುವ ಗಣಿತದಿಂದ ಸಾಧಿಸುವ ಗಣಿತಕ್ಕೆ ದಾಟುವುದು ಮೆಲ್ಲಗೆ ಆಗುತ್ತದೆ, ಬೋರ್ಡ್ ಹಾಕಿ ಹೇಳುವುದಿಲ್ಲ. ‘ಕಂಡುಹಿಡಿಯಿರಿ’ ಅನ್ನೋ ಪ್ರಶ್ನೆಗಳು ಕಡಿಮೆಯಾಗಿ ‘ಸಾಧಿಸಿ’ ಅನ್ನೋವು ಜಾಸ್ತಿಯಾದಾಗ ದಾಟಿದ್ದೀರಿ ಅಂತ ತಿಳಿಯಿರಿ.

ಇಂಟಿಗ್ರೇಷನ್ ಅರ್ಥ ಆಗುತ್ತೆ ಮೇಡಂ, ಲೆಕ್ಕ ಮಾತ್ರ ಮುಗಿಯಲ್ಲ. ಯಾಕೆ?

ಹೋದ ವರ್ಷ ಒಬ್ಬ ಹುಡುಗ ಇದೇ ಪ್ರಶ್ನೆ ಹಿಡಿದು ಬಂದ. ಬೋರ್ಡಿನ ಹತ್ತಿರ ಕಳಿಸಿ ಒಂದು ಲೆಕ್ಕ ಕೊಟ್ಟೆ: ಅಂಶದಲ್ಲಿ 1, ಛೇದದಲ್ಲಿ ಎಕ್ಸ್² − 5ಎಕ್ಸ್ + 6, ಇಂಟಿಗ್ರೇಟ್ ಮಾಡು. ‘ಪಾರ್ಶಿಯಲ್ ಫ್ರಾಕ್ಷನ್ ಮಾಡಬೇಕು’ ಅಂತ ತಟ್ಟನೆ ಹೇಳಿದ. ಸರಿಯೇ. ಆಮೇಲೆ ಚಾಕ್‌ಪೀಸ್ ಹಿಡಿದು ನಿಂತ. ಎಕ್ಸ್² − 5ಎಕ್ಸ್ + 6 ಅನ್ನು ಅಪವರ್ತಿಸಲು ಅವನಿಗೆ ಕೈ ಬರಲಿಲ್ಲ. ಎಕ್ಸ್ − 2, ಎಕ್ಸ್ − 3 ಅಂತ ಪಕ್ಕದಲ್ಲಿ ಬರೆದುಕೊಟ್ಟೆ. ಉಳಿದದ್ದು ಒಂದು ನಿಮಿಷದಲ್ಲಿ ಮುಗಿಸಿದ: 1 ಭಾಗ (ಎಕ್ಸ್ − 3) ಕಳೆ 1 ಭಾಗ (ಎಕ್ಸ್ − 2), ಎರಡಕ್ಕೂ ಲಾಗ್.

ಅವನು ಎಡವಿದ್ದು ಇಂಟಿಗ್ರೇಷನ್‌ನಲ್ಲಿ ಅಲ್ಲ, ಹತ್ತನೇ ತರಗತಿಯ ವರ್ಗ ಸಮೀಕರಣದಲ್ಲಿ. ನಾನು ನೋಡಿದ ಮಟ್ಟಿಗೆ ಹೆಚ್ಚಿನವರ ಕಥೆ ಇದೇ: ಜಾರುವುದು ಹೊಸ ಪಾಠದಲ್ಲಿ ಅಲ್ಲ, ಹಳೆಯದರಲ್ಲಿ. ಆದರೆ ಬೈಗುಳ ಮಾತ್ರ ಹೊಸ ಪಾಠಕ್ಕೆ.

ಅದೇ ಸಮೀಕರಣ ಮತ್ತೆ ಮತ್ತೆ ಬರುತ್ತದೆ, ನೋಡಿ. ಡಿಫರೆನ್ಷಿಯಲ್ ಈಕ್ವೇಷನ್‌ನಲ್ಲಿ ವೈಯ ಎರಡನೇ ಡೆರಿವೇಟಿವ್, ಕಳೆ 5 ಸಲ ಮೊದಲನೇ ಡೆರಿವೇಟಿವ್, ಕೂಡು 6 ವೈ, ಸಮ ಸೊನ್ನೆ. ಇದಕ್ಕೆ ಆಕ್ಸಿಲಿಯರಿ ಈಕ್ವೇಷನ್ ಬರೆದರೆ ಎಂ² − 5ಎಂ + 6 = 0. ಬೇರುಗಳು 2 ಮತ್ತು 3. ಮಾತೃಕೆಗೆ ಹೋಗಿ: ಮೊದಲ ಸಾಲು 1, 2, ಎರಡನೇ ಸಾಲು −1, 4. ಇದರ ಐಗನ್ ಮೌಲ್ಯ ಹುಡುಕಿದರೆ ಮತ್ತೆ ಲ್ಯಾಮ್ಡಾ² − 5 ಲ್ಯಾಮ್ಡಾ + 6. ಮತ್ತೆ 2, 3. ಪೇಪರ್ ಮೂರು, ಬುನಾದಿ ಒಂದು. ದಿನಕ್ಕೆ ಹತ್ತು ಅಪವರ್ತನ, ಹದಿನೈದು ದಿನ ಮಾಡಿ. ನಾಚಿಕೆ ಪಡಬೇಡಿ, ಬಾಗಿಲು ಹಾಕಿಕೊಂಡು ಮಾಡಿ ಬೇಕಿದ್ದರೆ.

ಪ್ರೂಫ್ ಬಾಯಿಪಾಠ ಮಾಡಿದರೆ ಸಾಲದಾ? ಪರೀಕ್ಷೆಗೆ ಅದೇ ಬರುತ್ತಲ್ಲ.

ಪರೀಕ್ಷೆಗೆ ಸಾಲಬಹುದು. ಮುಂದಿನ ಪೇಪರ್‌ಗೆ ಸಾಲದು.

‘√2 ಒಂದು ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ.’ ಎಸ್ಸೆಸ್ಸೆಲ್ಸಿಯಲ್ಲಿ ಇದನ್ನು ಬರೆಯದೆ ಬಂದವರಿಲ್ಲ. √2 ಭಾಗಲಬ್ಧ ಎಂದು ಊಹಿಸೋಣ, ಎ ಮತ್ತು ಬಿಗೆ ಸಾಮಾನ್ಯ ಅಪವರ್ತನ ಇಲ್ಲದಿರಲಿ, ವರ್ಗ ಮಾಡಿದರೆ ಎ² = 2ಬಿ², ಆದ್ದರಿಂದ 2 ಎ²ವನ್ನು ಭಾಗಿಸುತ್ತದೆ, ಆದ್ದರಿಂದ ಎಯನ್ನೂ ಭಾಗಿಸುತ್ತದೆ… ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೀರಿ. ಒಳ್ಳೆಯದು. ಈಗ 2 ಇರುವಲ್ಲೆಲ್ಲ 4 ಹಾಕಿ ಅದೇ ಸಾಲುಗಳನ್ನು ಬರೆಯಿರಿ. √4 ಅಭಾಗಲಬ್ಧ ಅಂತ ‘ಸಾಧನೆ’ ಆಗಿಬಿಡುತ್ತದೆ. ಆದರೆ √4 ಅಂದರೆ 2, ಅಲ್ವಾ? ಹಾಗಾದರೆ ಯಾವ ಸಾಲು ಸುಳ್ಳು?

ಪ್ರತಿ ವರ್ಷ ಮೊದಲ ವಾರ ಈ ಪ್ರಶ್ನೆ ಇಡುತ್ತೇನೆ. ಕ್ಲಾಸು ಸುಮ್ಮನಾಗುತ್ತದೆ. ಸುಳ್ಳು ಇರುವುದು ಇಲ್ಲಿ: ‘4 ಎ²ವನ್ನು ಭಾಗಿಸುತ್ತದೆ, ಆದ್ದರಿಂದ ಎಯನ್ನೂ ಭಾಗಿಸುತ್ತದೆ.’ ಎ = 2 ಹಾಕಿ ನೋಡಿ. 4 ಅನ್ನೋದು ಎ²ವನ್ನು ಭಾಗಿಸುತ್ತದೆ, ಎಯನ್ನು ಭಾಗಿಸುವುದಿಲ್ಲ. 2ಕ್ಕೆ ಆ ಮಾತು ನಡೆಯುವುದು 2 ಅವಿಭಾಜ್ಯ ಸಂಖ್ಯೆ ಆದ್ದರಿಂದ. ಆ ಒಂದು ಸಾಲಿನಲ್ಲಿ ಇಡೀ ಸಾಧನೆಯ ಜೀವ ಇದೆ, ಬಾಯಿಪಾಠ ಮಾಡುವಾಗ ಅದು ಉಳಿದ ಸಾಲುಗಳ ಹಾಗೇ ದಾಟಿಹೋಗಿತ್ತು.

ಯಾವ ಪ್ರಮೇಯ ಓದಿದರೂ ಹೀಗೇ ಕೀಟಲೆ ಮಾಡಿ. ಒಂದು ಷರತ್ತು ತೆಗೆದುಹಾಕಿ, ಸಾಧನೆ ಎಲ್ಲಿ ಕುಸಿಯುತ್ತದೆ ನೋಡಿ. ಕುಸಿಯುವ ಜಾಗ ಸಿಕ್ಕಿದರೆ ಬಾಯಿಪಾಠದ ಅಗತ್ಯ ಅರ್ಧ ಕಡಿಮೆಯಾಗುತ್ತದೆ.

ನಮ್ಮ ಚಿಕ್ಕಮ್ಮ ಪಿಯುಸಿಯಲ್ಲೇ ‘ಗ್ರೂಪ್ಸ್’ ಓದಿದ್ದರಂತೆ. ನಮಗೆ ಯಾಕೆ ಹೊಸದು?

ಚಿಕ್ಕಮ್ಮ ಹೇಳಿದ್ದು ನಿಜ. ಎನ್‌ಸಿಇಆರ್‌ಟಿ ಪಠ್ಯ ಬರುವ ಮೊದಲು ನಮ್ಮ ಸೆಕೆಂಡ್ ಪಿಯುಸಿಯಲ್ಲಿ ಸಂಖ್ಯಾ ಸಿದ್ಧಾಂತದ ಮೊದಲ ಪಾಠ, ಗ್ರೂಪ್ಸ್ ಎರಡೂ ಇದ್ದವು. ಕಾಂಗ್ರುಯೆನ್ಸ್ ಲೆಕ್ಕ, ಅಂದರೆ ಶೇಷದ ಲೆಕ್ಕ, ಮಾಡಿ ಬಂದವರಿಗೆ ಡಿಗ್ರಿಯ ಗ್ರೂಪ್ ಥಿಯರಿ ಪರಿಚಯದ ಮನೆ. ಈಗ ಆ ಎರಡೂ ಇಲ್ಲ. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯಕ್ಕೆ ಕತ್ತರಿ ಬಿದ್ದಾಗ 11ನೇ ತರಗತಿಯಿಂದ ಗಣಿತೀಯ ಅನುಗಮನ ಮತ್ತು ಗಣಿತೀಯ ತರ್ಕದ ಅಧ್ಯಾಯಗಳೂ ಹೋದವು. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೇ. ಬೇರೆ ಅಧ್ಯಾಯ ತೆಗೆದಿದ್ದರೆ ಒಂದು ಪೇಪರ್‌ಗೆ ತೊಂದರೆ. ಇವು ಎಲ್ಲ ಪೇಪರ್‌ಗೂ ಬೇಕು.

ಹಾಗಾಗಿ ಹಳೆಯ ಫಸ್ಟ್ ಪಿಯು ಪುಸ್ತಕ ಯಾರ ಅಟ್ಟದ ಮೇಲಾದರೂ ಸಿಕ್ಕರೆ ಆ ಎರಡು ಅಧ್ಯಾಯ ಓದಿಕೊಳ್ಳಿ. ಅನುಗಮನ ಅಂದರೆ ಸಾಲಾಗಿ ನಿಲ್ಲಿಸಿದ ಇಟ್ಟಿಗೆ. ಒಂದು ಬಿದ್ದರೆ ಅದರ ಮುಂದಿನದೂ ಬೀಳುತ್ತದೆ ಅಂತ ತೋರಿಸಬೇಕು, ಮೊದಲನೆಯದು ಬಿದ್ದಿದೆ ಅಂತಲೂ ತೋರಿಸಬೇಕು. ಎರಡನೆಯದನ್ನು ಮರೆಯುವವರೇ ಜಾಸ್ತಿ.

ಗ್ರೂಪ್‌ಗೆ ತಯಾರಾಗಲು ಒಂದು ಸಣ್ಣ ಕೋಷ್ಟಕ ಸಾಕು. 1, 2, 3, 4 ಈ ನಾಲ್ಕನ್ನು ಒಂದಕ್ಕೊಂದು ಗುಣಿಸಿ, 5ರಿಂದ ಭಾಗಿಸಿ ಶೇಷ ಬರೆಯಿರಿ. 2 ಗುಣಿಸು 3 ಅಂದರೆ 6, ಶೇಷ 1. ಪ್ರತಿ ಸಾಲಿನಲ್ಲೂ 1 ಒಂದೊಂದು ಸಲ ಬರುತ್ತದೆ, ಅಂದರೆ ಪ್ರತಿಯೊಂದಕ್ಕೂ ವಿಲೋಮ ಇದೆ. ಈಗ 1ರಿಂದ 5ರವರೆಗೆ ತಗೊಂಡು 6ರ ಶೇಷ ಬರೆಯಿರಿ. 2 ಗುಣಿಸು 3ಕ್ಕೆ ಶೇಷ 0, ಗುಂಪಿನ ಹೊರಗೇ ಹೋಯಿತು. 5ಕ್ಕೆ ನಡೆದದ್ದು 6ಕ್ಕೆ ಯಾಕೆ ನಡೆಯಲಿಲ್ಲ ಅಂತ ಯೋಚಿಸಿದವರು ಪಾಠ ಶುರುವಾಗುವ ಮೊದಲೇ ಪಾಠದ ಒಳಗಿರುತ್ತಾರೆ.

## ಎರಡನೇ, ಮೂರನೇ ವರ್ಷ

ಎಪ್ಸಿಲಾನ್ ಅನ್ನೋದು ಯಾಕೆ ಬೇಕು? ಲಿಮಿಟ್ ನಮಗೆ ಪಿಯುಸಿಯಿಂದಲೇ ಗೊತ್ತಲ್ಲ?

ಲಿಮಿಟ್ ಕಂಡುಹಿಡಿಯುವುದು ಗೊತ್ತು. ಲಿಮಿಟ್ ಅಂದರೇನು ಅಂತ ಈಗ ಕೇಳುತ್ತಿದ್ದೇವೆ.

3ಎನ್ + 1 ಅನ್ನು ಎನ್ + 2ರಿಂದ ಭಾಗಿಸಿ. ಎನ್ 10 ಆದರೆ ಸುಮಾರು 2.58. 100 ಆದರೆ 2.95. 1000 ಆದರೆ 2.995. ‘3ರ ಹತ್ತಿರ ಹೋಗುತ್ತಿದೆ’ ಅನ್ನುತ್ತೀರಿ. ಎಷ್ಟು ಹತ್ತಿರ? ನಿಮ್ಮ ಎದುರಿಗೆ ಒಬ್ಬ ಅನುಮಾನದ ಅಸಾಮಿ ಕೂತಿದ್ದಾನೆ ಅಂದುಕೊಳ್ಳಿ. ‘0.01ಕ್ಕಿಂತ ಹತ್ತಿರ ತಂದು ತೋರಿಸು’ ಅನ್ನುತ್ತಾನೆ. ಮೂರಕ್ಕೂ ಇದಕ್ಕೂ ಇರುವ ಅಂತರ ಲೆಕ್ಕ ಹಾಕಿದರೆ 5 ಭಾಗ (ಎನ್ + 2). ಇದು 0.01ಕ್ಕಿಂತ ಕಡಿಮೆ ಆಗಬೇಕಾದರೆ ಎನ್ + 2 ಅನ್ನೋದು 500 ದಾಟಬೇಕು. ಅಂದರೆ 499ನೇ ಪದದಿಂದ ಮುಂದೆ ಎಲ್ಲವೂ ಅಷ್ಟು ಹತ್ತಿರ. ಅವನು ಸುಮ್ಮನಿರುವುದಿಲ್ಲ, ‘0.001’ ಅನ್ನುತ್ತಾನೆ. 4999ನೇ ಪದದಿಂದ ಮುಂದೆ. ಅವನು ಹೇಳುವ ಸಂಖ್ಯೆಯೇ ಎಪ್ಸಿಲಾನ್. ಅವನು ಏನೇ ಹೇಳಲಿ, ನಿಮ್ಮ ಹತ್ತಿರ ಉತ್ತರ ಇದೆ ಅಂತ ಒಂದೇ ಸಲಕ್ಕೆ ಹೇಳಿಬಿಡುವುದೇ ಆ ವ್ಯಾಖ್ಯೆ.

ಇದರಲ್ಲಿ ಬಳಸಿದ್ದು ಏನೇನು? ಮಾಡ್ಯುಲಸ್, ಅಸಮತೆ, ಭಿನ್ನರಾಶಿ ಕಳೆಯುವುದು. ಕ್ಯಾಲ್ಕುಲಸ್ ಒಂದು ಚೂರೂ ಇಲ್ಲ. ರಿಯಲ್ ಅನಾಲಿಸಿಸ್‌ಗೆ ಮೊದಲೇ ಗೊತ್ತಿರಬೇಕಾದದ್ದು ಕ್ಯಾಲ್ಕುಲಸ್ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಕಾಪಾಡುವುದು ಅಸಮತೆಯ ಅಧ್ಯಾಯ.

ಇನ್ನೊಂದು, ಪದಗಳ ಕ್ರಮ. ‘ಪ್ರತಿ ಬೀಗಕ್ಕೂ ಒಂದು ಕೀಲಿ ಇದೆ.’ ‘ಒಂದು ಕೀಲಿ ಇದೆ, ಅದು ಪ್ರತಿ ಬೀಗಕ್ಕೂ ಆಗುತ್ತದೆ.’ ಎರಡೂ ಒಂದೇನಾ? ಕಂಟಿನ್ಯುಯಿಟಿಗೂ ಯೂನಿಫಾರ್ಮ್ ಕಂಟಿನ್ಯುಯಿಟಿಗೂ ಇರುವ ವ್ಯತ್ಯಾಸ ಇಷ್ಟೇ. ನಾನು ವಿದ್ಯಾರ್ಥಿಯಾಗಿದ್ದಾಗ ಇದು ಯಾರೂ ಹೇಳಿಕೊಡದೆ ಎಂಎಸ್ಸಿಯ ಮೊದಲ ಟೆಸ್ಟಿನಲ್ಲಿ 25ಕ್ಕೆ 6 ತಗೊಂಡಿದ್ದೆ.

ಯಾವ ಪೇಪರ್‌ಗೆ ಯಾವುದು ಮೊದಲು ಗೊತ್ತಿರಬೇಕು? ಒಂದು ಕಡೆ ಹೇಳಿಬಿಡಿ.

ಡಿಫರೆನ್ಷಿಯಲ್ ಈಕ್ವೇಷನ್‌ಗೆ ಇಂಟಿಗ್ರೇಷನ್ ಬೇಕು, ಅದೂ ಕೈಗೆ ಕೂತಿರಬೇಕು. ಪಾರ್ಶಿಯಲ್ ಡಿಫರೆನ್ಷಿಯಲ್ ಈಕ್ವೇಷನ್‌ಗೆ ಅದರ ಜೊತೆ ಪಾರ್ಶಿಯಲ್ ಡೆರಿವೇಟಿವ್. ಶಾಖದ ಸಮೀಕರಣ ಬಿಡಿಸುವ ಹೊತ್ತಿಗೆ ಫೂರಿಯೇ ಶ್ರೇಣಿ. ಡಬಲ್ ಇಂಟಿಗ್ರಲ್‌ಗೆ ಸೂತ್ರಕ್ಕಿಂತ ಜಾಸ್ತಿ ಬೇಕಾದದ್ದು ಚಿತ್ರ ಬರೆಯುವ ಅಭ್ಯಾಸ. ವೈ = ಎಕ್ಸ್ ರೇಖೆಗೂ ವೈ = ಎಕ್ಸ್² ಗೆರೆಗೂ ನಡುವಿನ ಜಾಗ ಬರೆಯಲು ಬಾರದಿದ್ದರೆ ಇಂಟಿಗ್ರೇಷನ್‌ನ ಕ್ರಮ ಬದಲಿಸುವ ಲೆಕ್ಕ ಊಹೆಯ ಆಟ ಆಗುತ್ತದೆ. ವೆಕ್ಟರ್ ಕ್ಯಾಲ್ಕುಲಸ್ ಇದರ ಮೇಲೆ ಕೂರುತ್ತದೆ, ಪಿಯುಸಿಯ ಡಾಟ್, ಕ್ರಾಸ್ ಪ್ರಾಡಕ್ಟ್ ಸಮೇತ. ಗ್ರೂಪ್ ಆದ ಮೇಲೆ ರಿಂಗ್, ರಿಂಗ್ ಆದ ಮೇಲೆ ಫೀಲ್ಡ್. ಮೆಟ್ರಿಕ್ ಸ್ಪೇಸ್‌ಗೆ ರಿಯಲ್ ಅನಾಲಿಸಿಸ್. ನ್ಯೂಮರಿಕಲ್ ಮೆಥಡ್ಸ್‌ಗೆ ತಾಳ್ಮೆ.

ಸಂಖ್ಯಾ ಸಿದ್ಧಾಂತ, ಗ್ರಾಫ್ ಥಿಯರಿ ಇವೆರಡಕ್ಕೆ ಹಿಂದಿನದು ಏನೂ ಜಾಸ್ತಿ ಬೇಡ. ಬೇರೆಲ್ಲ ಪೇಪರ್‌ನಲ್ಲಿ ಹಿಂದೆ ಬಿದ್ದವರು ಆಯ್ಕೆ ಸಿಕ್ಕರೆ ಇವನ್ನು ತಗೊಳ್ಳಿ. ಸಾಧನೆ ಬರೆಯುವುದನ್ನು ಕಲಿಯಲೂ ಒಳ್ಳೆಯ ಜಾಗ.

ಮಾತೃಕೆ ಚೆನ್ನಾಗಿ ಬರುತ್ತೆ. ಲೀನಿಯರ್ ಆಲ್ಜಿಬ್ರಾ ಸುಲಭ ಆಗುತ್ತಲ್ವಾ?

ಅರ್ಧ ಸುಲಭ. ಡಿಟರ್ಮಿನಂಟ್ ಬಿಡಿಸುವ ಕೈಚಳಕ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಎಕ್ಸ್ + ವೈ + ಝಡ್ = 0, ಇದನ್ನು ಒಪ್ಪುವ ಎಲ್ಲ ಬಿಂದುಗಳನ್ನು ಒಂದೇ ವಸ್ತುವಾಗಿ ನೋಡಬೇಕು. ಅದು ಒಂದು ಸಮತಲ, ಮೂಲಬಿಂದುವಿನ ಮೂಲಕ ಹೋಗುತ್ತದೆ, ಅದರೊಳಗಿನ ಎರಡನ್ನು ಕೂಡಿದರೆ ಅದರೊಳಗೇ ಇರುತ್ತದೆ. ಬಲಗಡೆ 0 ಬದಲು 1 ಹಾಕಿ, ಆ ಗುಣ ಹೋಯಿತು. ಈ ಮಟ್ಟಿಗೆ ಚಿತ್ರ ಕಣ್ಣಿಗೆ ಕಟ್ಟಿದರೆ ವೆಕ್ಟರ್ ಸ್ಪೇಸ್ ಹೆದರಿಸುವುದಿಲ್ಲ. ಪಿಯುಸಿಯ ಮೂರು ಆಯಾಮದ ಜ್ಯಾಮಿತಿ ಅಧ್ಯಾಯವನ್ನು ಇದಕ್ಕಾಗಿಯೇ ಒಮ್ಮೆ ತಿರುವಿಹಾಕಿ.

ಕಾಂಪ್ಲೆಕ್ಸ್ ಅನಾಲಿಸಿಸ್ ಬಹಳ ಕಷ್ಟ ಅಂತಾರೆ, ಹೌದಾ?

ಹೆಸರು ಹಾಗಿದೆ ಅಷ್ಟೇ. ಲೈನ್ ಇಂಟಿಗ್ರಲ್ ಮತ್ತು ಪಾರ್ಶಿಯಲ್ ಡೆರಿವೇಟಿವ್ ಗೊತ್ತಿದ್ದರೆ ಇದು ರಿಯಲ್ ಅನಾಲಿಸಿಸ್‌ಗಿಂತ ಸೌಮ್ಯ. ಅಲ್ಲಿ ಬರುವಷ್ಟು ವಿಚಿತ್ರ ಉದಾಹರಣೆಗಳು ಇಲ್ಲಿ ಬರುವುದಿಲ್ಲ. ‘ಋಣ ಸಂಖ್ಯೆಗೆ ವರ್ಗಮೂಲ ಹೇಗೆ ಮೇಡಂ’ ಅಂತ ಇನ್ನೂ ಒಳಗೊಳಗೇ ಅನುಮಾನ ಇರುವವರಿಗೆ ಒಂದು ಸಮಾಧಾನ: ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದೇ ಬರೆದಿದ್ದ. ಆಗ ಗೊತ್ತಿದ್ದ ಸಂಖ್ಯೆಗಳ ಮಟ್ಟಿಗೆ ಅದು ಸರಿಯೇ. ನಿಮ್ಮ ಅನುಮಾನಕ್ಕೆ ರಾಷ್ಟ್ರಕೂಟರ ಆಸ್ಥಾನದಷ್ಟು ವಯಸ್ಸಾಗಿದೆ.

ಫಸ್ಟ್ ಸೆಮ್ ಗಣಿತ ಫೇಲ್ ಆಗಿದೆ. ಮುಂದಿನ ಸೆಮ್ ಕ್ಲಾಸಿಗೆ ಕೂತರೆ ಪ್ರಯೋಜನ ಇದೆಯಾ?

ಕೂರಲು ಸಾಮಾನ್ಯವಾಗಿ ಬಿಡುತ್ತಾರೆ, ಕಾಲೇಜ್ ಆಫೀಸಿನಲ್ಲಿ ನಿಯಮ ಕೇಳಿಕೊಳ್ಳಿ. ಹಿಂದಿನ ಪೇಪರ್ ಪಾಸಾದರೇ ಮುಂದಿನದು ಅನ್ನೋ ಕಟ್ಟುನಿಟ್ಟು ನಮ್ಮ ಕಡೆ ಕಡಿಮೆ. ಅದು ದಯೆಯೂ ಹೌದು, ಬಲೆಯೂ ಹೌದು. ಫೇಲಾದ ಪೇಪರನ್ನು ‘ಪರೀಕ್ಷೆ ಹತ್ತಿರ ಬಂದಾಗ ನೋಡೋಣ’ ಅಂತ ಅಟ್ಟಕ್ಕೆ ಹಾಕಬೇಡಿ. ಉತ್ತರ ಪತ್ರಿಕೆಯ ನಕಲು ಸಿಗುವುದಾದರೆ ತರಿಸಿ, ಅಂಕ ಹೋದ ಪ್ರತಿ ಜಾಗದಲ್ಲೂ ‘ಇದು ಯಾವ ತರಗತಿಯ ವಿಷಯ?’ ಅಂತ ಪಕ್ಕದಲ್ಲಿ ಬರೆಯಿರಿ. ಒಬ್ಬ ಹುಡುಗಿಯ ಪತ್ರಿಕೆಯಲ್ಲಿ ಹೀಗೆ ಬರೆದಾಗ ಹದಿನಾಲ್ಕು ಕಡೆ ತಪ್ಪು, ಅದರಲ್ಲಿ ಒಂಬತ್ತು ಕಡೆ ‘10’ ಅಥವಾ ‘ಫಸ್ಟ್ ಪಿಯು’ ಅಂತ ಇತ್ತು. ಮುಂದೆ ಏನು ಓದಬೇಕು ಅಂತ ನಾನು ಹೇಳಲೇ ಇಲ್ಲ.

## ಡಿಗ್ರಿಯ ಆಚೆ

ಮಗ ಗಣಿತದಲ್ಲಿ ಬಹಳ ಚುರುಕು. ಬಿಎಸ್ಸಿ ಬಿಟ್ಟು ಬೇರೆ ಏನಿದೆ ಮೇಡಂ?

ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲೇ ಇದೆ. ಅಲ್ಲಿ ಬಿಮ್ಯಾತ್ ಆನರ್ಸ್, ಅಂದರೆ ಗಣಿತದ್ದೇ ಪದವಿ, ಓದಬಹುದು. 12ನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಇರಬೇಕು, ಅವರದೇ ಪ್ರವೇಶ ಪರೀಕ್ಷೆ. ಒಂದು ಪತ್ರಿಕೆ ಆಬ್ಜೆಕ್ಟಿವ್, ಇನ್ನೊಂದರಲ್ಲಿ ಪೂರ್ತಿ ಬರೆದು ಸಾಧಿಸಬೇಕು. ಪಿಯುಸಿಯ ಆಚೆಗಿನ ವಿಷಯ ಕೇಳುವುದಿಲ್ಲ, ಆದರೆ ಸಿಇಟಿ ತಯಾರಿ ಇಲ್ಲಿಗೆ ಸಾಲದು. ಸಿಇಟಿ ವೇಗ ಕೇಳುತ್ತದೆ, ಇದು ಒಂದೇ ಲೆಕ್ಕದ ಜೊತೆ ಮುಕ್ಕಾಲು ಗಂಟೆ ಕೂರುವವರನ್ನು ಹುಡುಕುತ್ತದೆ. ಐಐಎಸ್‌ಸಿಯಲ್ಲಿ 2011ರಲ್ಲಿ ಶುರುವಾದ ನಾಲ್ಕು ವರ್ಷದ ಪದವಿಯಲ್ಲೂ ಗಣಿತವನ್ನು ಮುಖ್ಯ ವಿಷಯವಾಗಿ ಆರಿಸಬಹುದು. ಮೊದಲ ಮೂರು ಸೆಮಿಸ್ಟರ್ ಎಲ್ಲ ವಿಜ್ಞಾನವನ್ನೂ ಓದಬೇಕು. ಚೆನ್ನೈ ಹತ್ತಿರ ಸಿರುಸೇರಿಯಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಸೀಟು ಎಲ್ಲ ಕಡೆ ಕಡಿಮೆ. ಸಿಗದಿದ್ದರೆ ಆಕಾಶ ಬೀಳುವುದಿಲ್ಲ, ನಮ್ಮ ತಾಲೂಕು ಕಾಲೇಜಿನಿಂದ ಹೋಗಿ ಎಂಎಸ್ಸಿಯಲ್ಲಿ ಅವರ ಪಕ್ಕ ಕೂತವರಿದ್ದಾರೆ.

ಜಾಮ್ ಪರೀಕ್ಷೆಗೆ ಡಿಗ್ರಿ ಸಿಲಬಸ್ ಸಾಕಾ?

ವಿಷಯ ಸಾಕು, ಆಳ ಸಾಲದು. ಐಐಟಿಗಳ ಎಂಎಸ್ಸಿಗೆ ನಡೆಯುವ ಜಾಮ್‌ನ ಗಣಿತ ಪತ್ರಿಕೆ ಮೂರು ಗಂಟೆ, 60 ಪ್ರಶ್ನೆ, 100 ಅಂಕ. ರಿಯಲ್ ಅನಾಲಿಸಿಸ್, ಬಹುಚರ ಕ್ಯಾಲ್ಕುಲಸ್ ಮತ್ತು ಡಿಫರೆನ್ಷಿಯಲ್ ಈಕ್ವೇಷನ್, ಲೀನಿಯರ್ ಆಲ್ಜಿಬ್ರಾ ಮತ್ತು ಗ್ರೂಪ್ಸ್. ಲ್ಯಾಪ್ಲಾಸ್, ಕಾಂಪ್ಲೆಕ್ಸ್ ಅನಾಲಿಸಿಸ್‌ನಲ್ಲಿ ಮುಳುಗಿ ಕೂರಬೇಡಿ. ಒಂದಕ್ಕಿಂತ ಜಾಸ್ತಿ ಸರಿ ಉತ್ತರ ಇರುವ ಪ್ರಶ್ನೆಗಳಲ್ಲೇ ನಮ್ಮವರು ಬೀಳುವುದು, ಏಕೆಂದರೆ ಅಲ್ಲಿ ನಾಲ್ಕೂ ಹೇಳಿಕೆಗೆ ಒಂದೊಂದು ಸಾಧನೆ ಅಥವಾ ಒಂದೊಂದು ವಿರುದ್ಧ ಉದಾಹರಣೆ ತಲೆಯಲ್ಲೇ ಹುಟ್ಟಬೇಕು. ಎರಡನೇ ವರ್ಷದಿಂದಲೇ ಒಂದು ‘ಸುಳ್ಳುಗಳ ನೋಟ್‌ಬುಕ್’ ಇಡಿ: ನಿಜ ಅನ್ನಿಸುವ ಒಂದು ಮಾತು, ಅದನ್ನು ಸುಳ್ಳು ಮಾಡುವ ಒಂದು ಉದಾಹರಣೆ.

ಡೇಟಾ ಸೈನ್ಸ್‌ಗೆ ಹೋಗಬೇಕು. ಈ ಗ್ರೂಪ್, ರಿಂಗ್ ಎಲ್ಲ ಯಾಕೆ?

ಕೆಲಸಕ್ಕೆ ನೇರವಾಗಿ ಬೇಕಾದದ್ದು ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ, ಪಾರ್ಶಿಯಲ್ ಡೆರಿವೇಟಿವ್. ಲ್ಯಾಬ್‌ನಲ್ಲಿ ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್ ಏನೇ ಕೊಡಲಿ, ರೆಕಾರ್ಡ್ ಬುಕ್ಕಿಗಾಗಿ ಅಲ್ಲದೆ ಒಮ್ಮೆಯಾದರೂ ನಿಮ್ಮದೇ ಲೆಕ್ಕ ಹಾಕಿ ಓಡಿಸಿ. ಗ್ರೂಪ್, ರಿಂಗ್ ನೇರವಾಗಿ ಬೇಕಾಗದೆ ಇರಬಹುದು. ಡಿಗ್ರಿ ಬೇಕಲ್ಲ, ಓದಿ.

ಡಿಗ್ರಿ ಮುಗಿದು ಎಂಟು ವರ್ಷ ಆಯ್ತು, ಮದುವೆ, ಮಗು ಆಯ್ತು. ಈಗ ಎಂಎಸ್ಸಿ ಮಾಡಬೇಕು ಅನ್ನಿಸ್ತಿದೆ. ಎಲ್ಲಿಂದ ಶುರು ಮಾಡಲಿ?

ಎಂಎಸ್ಸಿ ಪುಸ್ತಕದಿಂದ ಅಲ್ಲ. ಈ ಪ್ರಶ್ನೆ ಬರೆದು ಕೇಳಿದವರಿಗೆ ನಾನು ಹೇಳಿದ್ದು ಹೀಗೆ: ಮೊದಲ ತಿಂಗಳು ಪಿಯುಸಿ ಲೆಕ್ಕ, ದಿನಕ್ಕೆ ನಲವತ್ತು ನಿಮಿಷ, ಮಗು ಮಲಗಿದ ಮೇಲೆ. ಕೈ ಮೊದಲು ನೆನಪು ಮಾಡಿಕೊಳ್ಳುತ್ತದೆ, ತಲೆ ಆಮೇಲೆ. ಎರಡು, ಮೂರನೇ ತಿಂಗಳು ಅನುಕ್ರಮ, ಶ್ರೇಣಿ ಮತ್ತು ವೆಕ್ಟರ್ ಸ್ಪೇಸ್. ಎನ್‌ಪಿಟಿಇಎಲ್‌ನಲ್ಲಿ ಐಐಟಿಯವರ ಪಾಠಗಳು ಪುಕ್ಕಟೆ ಸಿಗುತ್ತವೆ. ನೋಡುವಾಗ ಕೈಯಲ್ಲಿ ಪೆನ್ನು ಇರಲಿ, ಇಲ್ಲದಿದ್ದರೆ ಅದೂ ಒಂದು ಧಾರಾವಾಹಿ. ರೆಗ್ಯುಲರ್ ಆಗಿ ಹೋಗಲು ಆಗದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಬೇಸಿಗೆ ರಜೆಯಲ್ಲಿ ಏನು ಮಾಡಲಿ ಮೇಡಂ? ಮುಂದಿನ ಸೆಮ್ ಸಿಲಬಸ್ ಓದಿಕೊಂಡು ಬರಲಾ?

ಬೇಡ. ಎಂಟಿಟಿಎಸ್ ಅಂತ ಗಣಿತದ ಒಂದು ಬೇಸಿಗೆ ಶಿಬಿರ ಇದೆ, 1993ರಿಂದ ನಡೆಯುತ್ತಿದೆ. ನಾಲ್ಕು ವಾರ, ದೇಶದ ಬೇರೆ ಬೇರೆ ಊರಿನಲ್ಲಿ. ಅಲ್ಲಿ ಪಾಠ ಮಾಡುವವರು ಉತ್ತರ ಹೇಳುವುದಿಲ್ಲ, ಕೇಳುತ್ತಲೇ ಇರುತ್ತಾರೆ. ಹೋಗಿಬಂದ ಮಕ್ಕಳು ನನ್ನ ಕ್ಲಾಸಿನಲ್ಲಿ ‘ಆ ಷರತ್ತು ಎಲ್ಲಿ ಬಳಸಿದಿರಿ ಮೇಡಂ’ ಅಂತ ಕೇಳಲು ಶುರು ಮಾಡುತ್ತಾರೆ. ಎರಡು ಸಲ ನನ್ನ ಹತ್ತಿರವೇ ಉತ್ತರ ಇರಲಿಲ್ಲ, ಮರುದಿನ ಹೇಳಿದೆ. ಅರ್ಜಿಯನ್ನು ಬೇಸಿಗೆಗೆ ಬಹಳ ಮೊದಲೇ ಕರೆಯುತ್ತಾರೆ, ಡಿಸೆಂಬರಿನಿಂದಲೇ ಕಣ್ಣಿಟ್ಟಿರಿ, ನಿಮ್ಮ ಅಧ್ಯಾಪಕರ ಶಿಫಾರಸು ಪತ್ರ ಕೇಳಿಟ್ಟುಕೊಳ್ಳಿ.

ಅದು ಸಿಗದಿದ್ದರೆ ಹೋದ ಸೆಮಿಸ್ಟರಿನ ನೋಟ್ಸ್ ತೆಗೆಯಿರಿ. ಒಂದು ಪ್ರಮೇಯ ಆರಿಸಿ, ಪುಸ್ತಕ ಮುಚ್ಚಿ, ತಂಗಿಗೋ ಪಕ್ಕದ ಮನೆಯ ಹುಡುಗನಿಗೋ ಹೇಳಿಕೊಡಿ. ಅವರು ‘ಯಾಕೆ?’ ಅಂದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಕಾಲೇಜು ತೆರೆದ ದಿನ ಆ ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬನ್ನಿ.